ಆರಕ್ಕೆ ಪಾಸು, ನನಗೆ ಏಳು

ಮೊದಲು ಜಾರಿದ್ದು ಒಂದು ಹುಕ್ಕು.

ಬ್ಲೌಸಿನ ಹುಕ್ಕು ಅಂದರೆ ಹುರುಳಿಕಾಳಿನಷ್ಟು. ಎಡಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಅದನ್ನು ಅದುಮಿ ಹಿಡಿದು, ಬಲಗೈಯಲ್ಲಿ ನಾಲ್ಕು ಸುತ್ತು ದಾರ ಹಾಕಿ ಗಂಟು ಬಿಗಿಯುವುದನ್ನು ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ದಿನವೂ ಕೆಲಸ ಅಂದುಕೊಂಡವಳಲ್ಲ. ಗಿರಾಕಿಯ ಜೊತೆ ಮಾತಾಡುತ್ತಾ, ಮಗಳ ಮಗ್ಗಿ ಕೇಳಿಸಿಕೊಳ್ಳುತ್ತಾ ಆಗಿಬಿಡುತ್ತಿತ್ತು. 2023ರ ಆಷಾಢದ ಒಂದು ಬೆಳಗ್ಗೆ ಆ ಹುಕ್ಕು ಮೂರು ಸಲ ಕೆಳಗೆ ಬಿತ್ತು. ಮೂರನೇ ಸಲ ಬಗ್ಗಿದರೆ ನೆಲದಿಂದ ಅದನ್ನು ಬೆರಳಲ್ಲಿ ಎತ್ತಲಿಕ್ಕೇ ಆಗಲಿಲ್ಲ. ಅಂಗಡಿಯ ಹುಡುಗಿ ಸೂಜಿ ಹೆಕ್ಕುವ ಅಯಸ್ಕಾಂತ ತಂದು ಎತ್ತಿಕೊಟ್ಟು, "ಯಾಕಕ್ಕ, ರಾತ್ರಿ ನಿದ್ದೆ ಮಾಡಿಲ್ವಾ?" ಅಂದಳು.

ಚಿಕ್ಕಮಗಳೂರಿನ ಬಸವನಹಳ್ಳಿ ರಸ್ತೆಯಿಂದ ಒಳಗೆ ತಿರುಗುವ ಒಂದು ಗಲ್ಲಿಯಲ್ಲಿ ನನ್ನ ಅಂಗಡಿ. ಎರಡು ಮೆಷಿನ್ನು, ಒಂದು ಓವರ್‌ಲಾಕ್, ಗೋಡೆಗೊಂದು ಕನ್ನಡಿ, ಪರದೆ ಎಳೆದರೆ ಟ್ರಯಲ್ ರೂಮು. ಬ್ಲೌಸು, ಚೂಡಿದಾರ, ಫಾಲು, ಕುಚ್ಚು. ಎಲ್ಲಾ ಬೆರಳಿನ ತುದಿಯ ಕೆಲಸ.

ಹುಕ್ಕು ಬಿದ್ದ ಮೇಲೆ ಒಂದೊಂದೇ ಶುರುವಾಯಿತು. ಬೆಳಗ್ಗೆ ಎದ್ದು ಕಾಲು ನೆಲಕ್ಕಿಟ್ಟರೆ ಪಾದದಡಿ ಯಾರೋ ಜಲ್ಲಿ ಹಾಸಿದ ಹಾಗೆ. ಹಾಲಿನ ಪ್ಯಾಕೆಟ್ಟನ್ನು ಹಲ್ಲಲ್ಲಿ ಕಚ್ಚಿ ಹರಿಯಬೇಕು. ಅಕ್ಕಿರೊಟ್ಟಿ ತಟ್ಟಲು ಕೂತರೆ ಅಂಗೈ ಬಾಳೆಎಲೆಯ ಮೇಲೆ ಚಪ್ಪಟೆಯಾಗಿ ಕೂರುವುದೇ ಇಲ್ಲ. ಬೆರಳುಗಳಿಗೆ ರಾತ್ರಿ ಗಂಜಿ ಹಾಕಿ ಒಣಗಿಸಿದ ಹಾಗೆ ಇರುತ್ತಿತ್ತು, ಬೇರೆ ಹೋಲಿಕೆ ನನಗೆ ಇವತ್ತಿಗೂ ಸಿಕ್ಕಿಲ್ಲ. ಬಿಸಿನೀರಲ್ಲಿ ಅದ್ದಿಟ್ಟುಕೊಂಡು, ಮಡಚಿ ಬಿಡಿಸಿ ಮಾಡಿದರೆ ಗಂಜಿ ನಿಧಾನಕ್ಕೆ ಇಳಿಯುತ್ತಿತ್ತು. ಏಳಕ್ಕೆ ಎದ್ದವಳ ಕೈ ನನ್ನ ಮಾತು ಕೇಳುವಾಗ ಹತ್ತೂವರೆ.

ಈ ಕಾಯಿಲೆಯ ಕುಚೋದ್ಯ ಇಲ್ಲೇ ಇರೋದು. ಬೆಳಗ್ಗೆ ಬಾಗಿಲ ಚಿಲಕ ತೆಗೆಯಲಾಗದವಳು ಮಧ್ಯಾಹ್ನ ಮೆಷಿನ್ ತುಳಿಯುತ್ತಾಳೆ. ನಮ್ಮ ಯಜಮಾನರು ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸಕ್ಕಿದ್ದಾರೆ, ಒಂದು ಗಂಟೆಗೆ ಊಟಕ್ಕೆ ಬರುತ್ತಾರೆ. ಅವರು ನೋಡುವುದು ಆ ಮಧ್ಯಾಹ್ನದವಳನ್ನು. ಕೆಟ್ಟ ಮನಸ್ಸಿನಿಂದ ಅಲ್ಲ, ಆದರೆ "ಬೆಳಗ್ಗೆ ಆಗಲ್ಲ ಅಂತೀಯ, ಈಗ ಆಗುತ್ತಲ್ಲ?" ಅಂತ ಕೇಳಿಬಿಡುತ್ತಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅತ್ತೆ ತಂಡಿ ಅಂದರು. ಲಕ್ಕಿಸೊಪ್ಪು ಹಾಕಿ ನೀರು ಕಾಯಿಸಿದರು, ಬದನೆಕಾಯಿ ಆಲೂಗಡ್ಡೆ ವಾಯು ಅಂತ ನಿಲ್ಲಿಸಿದರು. ಡಾಕ್ಟರು ಕೆಲಸ ಜಾಸ್ತಿ ಅಂದರು. ಆಗ ಇಬ್ಬರ ಮಾತಿಗೂ ತಲೆಯಾಡಿಸಿದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆ ವರ್ಷ ಆಷಾಢದ ಬೆನ್ನಿಗೆ ಅಧಿಕ ಶ್ರಾವಣ ಬಂದಿತ್ತು, ಎರಡು ತಿಂಗಳು ಒಂದು ಮದುವೆ ಇಲ್ಲ, ಟೈಲರುಗಳೆಲ್ಲ ನೊಣ ಹೊಡೆಯುತ್ತಾ ಕೂತಿದ್ದೆವು. ಕೆಲಸ ಎಲ್ಲಿತ್ತು ಜಾಸ್ತಿ ಆಗಲಿಕ್ಕೆ? ಇನ್ನು ತಂಡಿ: ಆಗಸ್ಟಿನಲ್ಲಿ ಮಳೆ ಕೈಕೊಟ್ಟು ರಾಜ್ಯಕ್ಕೆ ರಾಜ್ಯವೇ ಬರ ಅಂತ ಗೋಳಾಡಿದ ವರ್ಷ ಅದು. ಅಳತೆ ತೆಗೆದುಕೊಳ್ಳದೆ ಹೊಲಿದ ರೆಡಿಮೇಡ್ ಕಾರಣಗಳು ಎರಡೂ. ನಾನೂ ಅದನ್ನೇ ತೊಟ್ಟುಕೊಂಡು ಓಡಾಡಿದೆ.

ಮೊದಲನೇ ರಕ್ತಪರೀಕ್ಷೆ ಆದದ್ದು ವರಮಹಾಲಕ್ಷ್ಮಿಗೆ ಸ್ವಲ್ಪ ಮುಂಚೆ. ಆರ್‌ಎ ಫ್ಯಾಕ್ಟರ್, ಅಂದರೆ ರುಮಟಾಯಿಡ್ ಅನ್ನುವ ಕೀಲುವಾತ ಇದ್ದವರ ರಕ್ತದಲ್ಲಿ ಸಾಮಾನ್ಯವಾಗಿ ಸಿಗುವ ಅಂಶ, ನೆಗೆಟಿವ್. ಹಿಮೋಗ್ಲೋಬಿನ್ 10.2. ಮೈಯಲ್ಲಿ ಉರಿಯೂತ ಇದ್ದರೆ ಏರುವ ಇಎಸ್‌ಆರ್ 42 ಇತ್ತು, ಅದರ ಪಕ್ಕದಲ್ಲಿ ಲ್ಯಾಬಿನವರು ದಪ್ಪ ಅಕ್ಷರದಲ್ಲಿ ಗುರುತು ಹಾಕಿದ್ದರು. "ರಕ್ತ ಕಡಿಮೆ ಇದ್ರೆ ಇದು ಹೆಚ್ಚು ತೋರಿಸುತ್ತಮ್ಮ" ಅಂತ ಡಾಕ್ಟರು ಕಬ್ಬಿಣದ ಮಾತ್ರೆ ಬರೆದರು. ಅದು ಸುಳ್ಳಲ್ಲ, ರಕ್ತಹೀನತೆಯಲ್ಲೂ ಇಎಸ್‌ಆರ್ ಏರುತ್ತದೆ. ಆದರೆ ಅಲ್ಲಿಗೆ ಮಾತು ಮುಗಿಯಿತು.

ಕೋವಿಡ್ ಬಂದು ನಮ್ಮೆಲ್ಲರಿಗೂ ನೆಗೆಟಿವ್ ಅನ್ನುವ ಪದ ಕಲಿಸಿ ಹೋಗಿದೆ. ನೆಗೆಟಿವ್ ಅಂದರೆ ಬಚಾವು, ಮನೆಗೆ ಹೋಗು. ಅತ್ತೆ ಕಾಯಿ ಒಡೆಸಿದರು. ಯಜಮಾನರು ಬರುವಾಗ ಮೈಸೂರುಪಾಕು ತಂದರು. ಆ ಮೈಸೂರುಪಾಕಿನ ಡಬ್ಬಿಯ ಮುಚ್ಚಳ ತೆಗೆಯಲು ನನಗೆ ಆಗಲಿಲ್ಲ.

ಹಬ್ಬಕ್ಕೆ 46 ಬ್ಲೌಸು ಒಪ್ಪಿಕೊಂಡಿದ್ದೆ. ಹನ್ನೊಂದಕ್ಕೆ ಶುರು ಮಾಡಿ ರಾತ್ರಿ ಹನ್ನೊಂದರವರೆಗೆ ಕೂತೆ. ಮೆಡಿಕಲ್‌ನಿಂದ ತಂದ ನೋವಿನ ಮಾತ್ರೆ ಮಧ್ಯಾಹ್ನ ಒಂದು, ರಾತ್ರಿ ಒಂದು, ಅದರ ಹಿಂದೆ ಎದೆಯುರಿ. ಹಬ್ಬಕ್ಕೆ ಎರಡು ದಿನ ಇರುವಾಗ ಒಬ್ಬರ ಗಿಳಿಹಸಿರು ಮೈಸೂರು ಸಿಲ್ಕಿನ ಬ್ಲೌಸ್ ಪೀಸಿಗೆ ಕಂಕುಳ ಗುಂಡಿ ಕತ್ತರಿಸುತ್ತಿದ್ದೆ. ನನ್ನ ಕತ್ತರಿ ಹಳೇ ಕಬ್ಬಿಣದ್ದು, ಭಾರ. ತಿರುವಿನಲ್ಲಿ ಹೆಬ್ಬೆರಳು ಹಿಡಿತ ಬಿಟ್ಟಿತು. ಕತ್ತರಿ ಸೀದಾ ಎದೆಯ ಪಟ್ಟಿಯವರೆಗೆ ಹರಿಯಿತು. ಹರಿದ ಸದ್ದು ಅಷ್ಟು ಚಿಕ್ಕದು, ಹುಡುಗಿ ತಲೆ ಎತ್ತಲೂ ಇಲ್ಲ. ಅಂಥದ್ದೇ ಬಣ್ಣದ ಬಟ್ಟೆಗೆ 1,800 ರೂಪಾಯಿ ಕೊಟ್ಟೆ. ಆ ಅಮ್ಮ ಒಂದು ಮಾತೂ ಆಡಲಿಲ್ಲ, ಆಮೇಲೆ ನನ್ನ ಅಂಗಡಿಗೆ ಬರಲೂ ಇಲ್ಲ.

ಮೂಳೆ ಡಾಕ್ಟರ ಹತ್ತಿರ ಹೋದೆ. ಎಕ್ಸ್‌ರೇ ನಾರ್ಮಲ್. ಮಣಿಕಟ್ಟಿಗೆ ಪಟ್ಟಿ ಕೊಟ್ಟರು, ವಿಟಮಿನ್ ಡಿ ಕೊಟ್ಟರು. ದಸರಾ ಕಳೆದ ಮೇಲೆ ಇನ್ನೊಬ್ಬರು ಅದೇ ಕೀಲುವಾತಕ್ಕೆ ಆಂಟಿ ಸಿಸಿಪಿ ಅನ್ನುವ ಇನ್ನೊಂದು ರಕ್ತಪರೀಕ್ಷೆ ಬರೆದರು. ಅದು ದುಬಾರಿ, ರಿಪೋರ್ಟಿಗೆ ಮೂರು ದಿನ. ಆ ಮೂರು ದಿನದಲ್ಲಿ ನಾನು ಮಾಡಿದ್ದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಸಂಜೆ ದೀಪ ಹಚ್ಚಿ, ಈ ಸಲ ಪಾಸಿಟಿವ್ ಬರಲಪ್ಪ ಅಂತ ಕೇಳಿಕೊಂಡೆ. ಕಾಯಿಲೆ ಬರಲಿ ಅಂತ ಅಲ್ಲ. ಬಂದಿರುವುದಕ್ಕೆ ಒಂದು ಹೆಸರು ಸಿಗಲಿ ಅಂತ.

ಅದೂ ನೆಗೆಟಿವ್. "ನಿಮಗೆ ಏನೂ ಇಲ್ಲಮ್ಮ. ಈ ವಯಸ್ಸಲ್ಲಿ ಹೆಂಗಸರಿಗೆ ಇದೆಲ್ಲ ಇರುತ್ತೆ, ಟೆನ್ಷನ್ ಕಡಿಮೆ ಮಾಡ್ಕೊಳ್ಳಿ" ಅಂದರು. ನನಗೆ ಆಗ 44. ಮನೆಗೆ ಬಂದು ಫೈಲನ್ನು ಬೀರುವಿನ ಮೇಲೆ ಎಸೆದೆ. ಅಲ್ಲಿಂದ ಎರಡು ತಿಂಗಳು ನನಗೇ ನನ್ನ ಮೇಲೆ ಅನುಮಾನ. ಕಾಗದ ಇಲ್ಲ ಅನ್ನುತ್ತದೆ, ಬೆರಳು ಹೌದು ಅನ್ನುತ್ತದೆ. ಓದಿದವರು ಬರೆದ ಕಾಗದ, ಪಿಯುಸಿ ಫೇಲಾದವಳ ಬೆರಳು.

ನನ್ನನ್ನು ದಾರಿಗೆ ಹಚ್ಚಿದ್ದು ಒಬ್ಬ ಗಿರಾಕಿ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರು, ಟ್ರಯಲ್‌ಗೆ ಬಂದಿದ್ದರು. ತೋಳಿನ ಟಕ್ಕು ತೋರಿಸುವಾಗ ನನ್ನ ಕೈ ಹಿಡಿದರು, ನಾನು ಹಾವು ಮುಟ್ಟಿದ ಹಾಗೆ ಎಳೆದುಕೊಂಡೆ. ಅವರು ಬಿಡದೆ ಮತ್ತೆ ಹಿಡಿದು, ಮುಷ್ಟಿಯ ಗೆಣ್ಣುಗಳನ್ನು ಒಂದೊಂದಾಗಿ ಮೆಲ್ಲಗೆ ಒತ್ತಿದರು. "ಅಕ್ಕ, ಇದು ಊದಿದೆ. ನೀವು ಮೂಳೆ ಡಾಕ್ಟ್ರಿಗಲ್ಲ, ರುಮಟಾಲಜಿಸ್ಟಿಗೆ ತೋರಿಸಿ" ಅಂದರು. ಹಾಗಂತ ಒಂದು ಬಗೆಯ ಡಾಕ್ಟರು ಇದ್ದಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಮೂಳೆ ಮುರಿದರೆ, ಸವೆದರೆ ಮೂಳೆ ಡಾಕ್ಟರು. ಮೈಯ ರಕ್ಷಣೆಗಿರುವ ವ್ಯವಸ್ಥೆಯೇ ದಾರಿ ತಪ್ಪಿ ಸ್ವಂತ ಕೀಲಿನ ಮೇಲೆ ತಿರುಗಿಬಿದ್ದರೆ ಇವರು.

2024ರ ಜನವರಿಯಲ್ಲಿ ಮಂಗಳೂರಿಗೆ ಹೊರಟೆವು. ಚಿಕ್ಕಮಗಳೂರಿನವರಿಗೆ ದೊಡ್ಡ ಕಾಯಿಲೆ ಅಂದರೆ ಘಟ್ಟ ಇಳಿಯುವುದು ಅಂತಲೇ ಅರ್ಥ. ಮೂಡಿಗೆರೆ ದಾಟುವಾಗ ಇನ್ನೂ ಮಂಜು, ತೋಟಗಳ ಕಣದಲ್ಲಿ ಕಾಫಿ ಹಣ್ಣು ಹರವಿದ್ದರು. ಕೊಟ್ಟಿಗೆಹಾರದಲ್ಲಿ ಇಳಿದು ಕಾಫಿ ಕುಡಿದೆವು. ಲೋಟವನ್ನು ಒಂದು ಕೈಯಲ್ಲಿ ಹಿಡಿಯಲಾಗದೆ ಎರಡೂ ಅಂಗೈಯ ನಡುವೆ ಅಡಕಿಸಿಕೊಂಡು ಎತ್ತಿದೆ. ಎತ್ತಿದ ತಕ್ಷಣ ಕಡೂರಿನ ದೊಡ್ಡಮ್ಮನ ನೆನಪಾಯಿತು. ನಾವು ಸಣ್ಣವರಿದ್ದಾಗ ಅವರು ಕಾಫಿ ಕುಡಿಯುತ್ತಿದ್ದುದು ಹೀಗೆಯೇ. ಬೆರಳೆಲ್ಲ ಕಿರುಬೆರಳಿನ ಕಡೆಗೆ ವಾಲಿಕೊಂಡಿದ್ದವು, ಗಾಳಿಗೆ ಬಾಗಿದ ಜೋಳದ ಹಾಗೆ. ನಾವು ಮಕ್ಕಳು ಅದನ್ನು ನಕಲು ಮಾಡಿ ನಗುತ್ತಿದ್ದೆವು. ಅವರಿಗೆ ಏನಾಗಿತ್ತು ಅಂತ ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಚಾರ್ಮಾಡಿಯ ತಿರುವುಗಳಲ್ಲಿ ಪೂರ್ತಿ ದೊಡ್ಡಮ್ಮನ ಕೈಯೇ ಕಣ್ಣ ಮುಂದೆ.

ಆ ಡಾಕ್ಟರು ನನಗಿಂತ ಚಿಕ್ಕವರು. ಫೈಲು ಮುಂದಿಟ್ಟರೆ ಪಕ್ಕಕ್ಕೆ ಸರಿಸಿ "ಕೈ ಕೊಡಿಯಮ್ಮ" ಅಂದರು. ನಿಮಗೆ ಹೇಗೆ ಹೇಳಲಿ, ನಾನೂ ಹಾಗೆಯೇ. ಗಿರಾಕಿಗಳು ಅಳತೆ ಬ್ಲೌಸ್ ತರುತ್ತಾರೆ, ಟೇಪಿನ ಲೆಕ್ಕವೂ ಬರೆದಿಟ್ಟಿರುತ್ತೇನೆ, ಆದರೂ ಮೈಮೇಲೆ ಹಾಕಿ ನೋಡದೆ ಪಕ್ಕದ ಹೊಲಿಗೆ ಮುಗಿಸುವುದಿಲ್ಲ. ಅಲ್ಲಿಯೇ ನನಗೆ ಅವರ ಮೇಲೆ ನಂಬಿಕೆ ಬಂತು.

ಒಂದೊಂದೇ ಕೀಲು ಒತ್ತುತ್ತಾ ಹೋದರು. ಭುಜ, ಮೊಣಕೈ, ಮಣಿಕಟ್ಟು, ಗೆಣ್ಣು, ಬೆರಳಿನ ನಡುಕೀಲು, ಮಂಡಿ, ಪಾದದ ಬೆರಳಿನ ಬುಡ. ಪಕ್ಕದಲ್ಲಿದ್ದ ಹುಡುಗ ಒಂದು ಗೊಂಬೆಯ ಚಿತ್ರದ ಮೇಲೆ ಚುಕ್ಕೆ ಇಡುತ್ತಿದ್ದ. ಗೆಣ್ಣುಗಳನ್ನು ಅಡ್ಡಕ್ಕೆ ಒಟ್ಟಿಗೆ ಹಿಂಡಿದಾಗ ನಾನು ಕೂಗಿದೆ. ಉಗುರಿನ ಹತ್ತಿರದ ತುದಿಕೀಲುಗಳನ್ನು ಒತ್ತಿದರೆ ಏನೂ ಆಗಲಿಲ್ಲ, ಅದನ್ನೂ ಬರೆಸಿದರು. ರುಮಟಾಯಿಡ್ ಸಾಮಾನ್ಯವಾಗಿ ತುದಿಕೀಲುಗಳ ತಂಟೆಗೆ ಹೋಗುವುದಿಲ್ಲವಂತೆ. ಉಗುರು ನೋಡಿದರು, ಕಿವಿಯ ಹಿಂದೆ, ತಲೆಕೂದಲ ಬುಡದಲ್ಲಿ ಹೊಟ್ಟು ಹೊಟ್ಟಾದ ಚರ್ಮ ಇದೆಯಾ ಅಂತ ಹುಡುಕಿದರು. ಸೋರಿಯಾಸಿಸ್ ಇದ್ದರೂ ಕೀಲು ಹೀಗೆ ಊದಬಹುದು, ಅದಕ್ಕೂ ರಕ್ತ ಸಾಮಾನ್ಯವಾಗಿ ನೆಗೆಟಿವ್ವೇ. ಶುರುವಾಗುವ ಮುಂಚೆ ಜ್ವರ ಬಂದಿತ್ತಾ ಅಂದರು. ಚಿಕುನ್‌ಗುನ್ಯಾ ಬಿಟ್ಟುಹೋಗುವ ಕೀಲುನೋವು ಇದರ ಅವಳಿಯ ಹಾಗಿರುತ್ತದೆ. 2006ರಲ್ಲಿ ಊರಿಗೆ ಊರೇ ಗೋಡೆ ಹಿಡಿದು ನಡೆದದ್ದು ನಮಗೆಲ್ಲ ನೆನಪಿದೆಯಲ್ಲ. ನನಗೆ ಜ್ವರ ಬಂದಿರಲಿಲ್ಲ. ಬಾಯಿಹುಣ್ಣು, ಕೂದಲು ಉದುರುವುದು, ಕಣ್ಣು ಕೆಂಪಾಗುವುದು, ಬೆನ್ನು ಬಿಗಿಯುವುದು, ಎಲ್ಲಾ ಕೇಳಿದರು. "ಮನೇಲಿ ಯಾರಿಗಾದ್ರೂ ಇತ್ತಾ?" ಅಂದಾಗ ದೊಡ್ಡಮ್ಮನ ಕೈ ಹೇಗಿತ್ತು ಅಂತ ನನ್ನ ಕೈಯಲ್ಲೇ ಮಾಡಿ ತೋರಿಸಿದೆ. ಡಾಕ್ಟರು ಒಂದು ಕ್ಷಣ ಸುಮ್ಮನೆ ನೋಡಿ ತಲೆಯಾಡಿಸಿದರು.

ಆಮೇಲೆ ಲೆಕ್ಕ ಹಾಕಿದರು. 2010ರಲ್ಲಿ ಅಮೆರಿಕ ಮತ್ತು ಯುರೋಪಿನ ಡಾಕ್ಟರುಗಳು ಸೇರಿ ಮಾಡಿದ ಒಂದು ಅಂಕಪಟ್ಟಿ ಇದೆ. ಒಟ್ಟು ಹತ್ತು ಅಂಕ, ಆರು ಬಂದರೆ ರುಮಟಾಯಿಡ್. ಹತ್ತಕ್ಕಿಂತ ಹೆಚ್ಚು ಕೀಲು, ಅದರಲ್ಲಿ ಸಣ್ಣ ಕೀಲೂ ಇದ್ದರೆ ಐದು ಅಂಕ. ನನಗೆ ಹದಿನಾಲ್ಕು ಕೀಲು. ಆರು ವಾರ ದಾಟಿದ್ದಕ್ಕೆ ಒಂದು. ಇಎಸ್‌ಆರ್ ಏರಿದ್ದಕ್ಕೆ ಒಂದು. ಫ್ಯಾಕ್ಟರ್, ಸಿಸಿಪಿ ರಕ್ತಪರೀಕ್ಷೆಗೆ ಮೂರು ಅಂಕದವರೆಗೆ ಇಟ್ಟಿದ್ದಾರೆ, ಅಲ್ಲಿ ನನಗೆ ಸೊನ್ನೆ. "ಆ ಒಂದು ಪ್ರಶ್ನೆಗೆ ಸೊನ್ನೆ ಬಂತು ಅಂತ ಇಡೀ ಪೇಪರ್ ಫೇಲ್ ಮಾಡಕ್ಕಾಗಲ್ಲಮ್ಮ" ಅಂದರು. ಐದು, ಒಂದು, ಒಂದು. ಏಳು. ಯಜಮಾನರು ಪಕ್ಕದಿಂದ ಮೆಲ್ಲಗೆ "ಫಸ್ಟ್ ಕ್ಲಾಸು" ಅಂದರು. ಆರು ತಿಂಗಳಲ್ಲಿ ಅವರು ಈ ವಿಷಯದಲ್ಲಿ ಆಡಿದ ಸರಿಯಾದ ಮಾತು ಅದೊಂದೇ. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಈ ಪಟ್ಟಿಯೇ ಕೊನೆಯ ಮಾತಲ್ಲ ಅಂತಲೂ ಡಾಕ್ಟರು ಹೇಳಿದರು. ಅದನ್ನು ಮಾಡಿದ್ದು ಸಂಶೋಧನೆಗೆ ರೋಗಿಗಳನ್ನು ಒಂದೇ ಅಳತೆಯಲ್ಲಿ ಆರಿಸಲಿಕ್ಕೆ. ಫ್ಯಾಕ್ಟರ್ ನೆಗೆಟಿವ್ ಇದ್ದು, ಊದಿದ ಕೀಲು ನಾಲ್ಕೈದೇ ಇದ್ದವರು ಅದರಲ್ಲಿ ಐದಕ್ಕೇ ನಿಂತುಬಿಡಬಹುದು, ಕಾಯಿಲೆ ಮಾತ್ರ ಇದ್ದೇ ಇರುತ್ತದೆ. ರುಮಟಾಯಿಡ್ ಇರುವ ಹತ್ತು ಜನರಲ್ಲಿ ಇಬ್ಬರು ಮೂವರ ರಕ್ತದಲ್ಲಿ ಆರ್‌ಎ ಫ್ಯಾಕ್ಟರೂ ಇರುವುದಿಲ್ಲ, ಆಂಟಿ ಸಿಸಿಪಿಯೂ ಇರುವುದಿಲ್ಲ. ಇದಕ್ಕೆ ಸೀರೋನೆಗೆಟಿವ್ ಅನ್ನುತ್ತಾರೆ. ಇನ್ನೊಂದು ಕಡೆ, ಯಾವ ಕೀಲುನೋವೂ ಇಲ್ಲದ ವಯಸ್ಸಾದವರಲ್ಲಿ ಕೆಲವರಿಗೆ ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬರುವುದೂ ಉಂಟು. ಇಷ್ಟು ವಿಷಯವನ್ನು ಐದು ನಿಮಿಷದಲ್ಲಿ, ಬಿಳಿ ಹಾಳೆಯ ಮೇಲೆ ಗೀಚಿ ಹೇಳಿಕೊಟ್ಟರು. ಆ ಹಾಳೆ ಇನ್ನೂ ನನ್ನ ಅಳತೆ ಪುಸ್ತಕದಲ್ಲಿದೆ.

ಮಧ್ಯಾಹ್ನ ಕೈಗೆ ಸ್ಕ್ಯಾನಿಂಗ್. ಹೊಟ್ಟೆಗೆ ಮಾಡುವಂಥದ್ದೇ, ತಣ್ಣನೆ ಜೆಲ್ ಹಚ್ಚಿ ಗೆಣ್ಣಿನ ಮೇಲೆ ಆಡಿಸಿದರು. ಪರದೆಯಲ್ಲಿ ಮೊದಲು ಬರೀ ಬೂದಿ ಬಣ್ಣ. ಆಮೇಲೆ ಒಂದು ಗುಂಡಿ ಒತ್ತಿದರು, ಆ ಬೂದಿಯ ಮಧ್ಯೆ ಕಿತ್ತಳೆ ಕೆಂಪು ಚುಕ್ಕಿಗಳು ಮಿನುಗತೊಡಗಿದವು. ಊದಿಕೊಂಡ ಜಾಗಕ್ಕೆ ರಕ್ತ ನುಗ್ಗುತ್ತಿರುವುದು ಹಾಗೆ ಕಾಣುತ್ತದಂತೆ. ಬೂದಿ ಮುಚ್ಚಿದ ಕೆಂಡ ಅಂತ ಬಾಯಲ್ಲಿ ಎಷ್ಟು ಸಲ ಹೇಳಿದ್ದೇನೋ, ಕಣ್ಣಲ್ಲಿ ನೋಡಿದ್ದು ಅವತ್ತು. ಕೀಲಿನ ಒಳಗೆ ಒಂದು ತೆಳ್ಳನೆಯ ಪದರ ಇರುತ್ತದೆ, ಅದೇ ಊದಿ ದಪ್ಪವಾಗಿ ಪಕ್ಕದ ಮೂಳೆಯನ್ನು ಕೊರೆಯುತ್ತದೆ ಅಂದರು. "ಲೈನಿಂಗಾ?" ಅಂದೆ. "ಹೌದು, ಲೈನಿಂಗೇ." ಲೈನಿಂಗ್ ಕುಗ್ಗಿದರೆ, ಉಬ್ಬಿದರೆ ಮೇಲಿನ ಬಟ್ಟೆಯ ಗತಿ ಏನಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಎಕ್ಸ್‌ರೇಯಲ್ಲಿ ಯಾಕೆ ಕಾಣಲಿಲ್ಲ ಅನ್ನುವುದೂ ಹೊಳೆಯಿತು. ಅದು ತೋರಿಸುವುದು ಮೂಳೆಯನ್ನು. ಮೂಳೆ ಇನ್ನೂ ಹಾಳಾಗಿರಲಿಲ್ಲ.

ಔಷಧಿ ಶುರು ಮಾಡುವ ಮುಂಚೆ ಎದೆಯ ಎಕ್ಸ್‌ರೇ, ಹೆಪಟೈಟಿಸ್ ಬಿ ಮತ್ತು ಸಿ, ಲಿವರು, ಕಿಡ್ನಿ ನೋಡಿದರು. ಮಕ್ಕಳಾಗುವ ಯೋಚನೆ ಇದೆಯಾ ಅಂತ ಕೇಳಿದರು; ಬಸುರಿಯರು ಮೆಥೋಟ್ರೆಕ್ಸೇಟ್ ಅನ್ನುವ ಮುಖ್ಯ ಮಾತ್ರೆ ಮುಟ್ಟುವಂತಿಲ್ಲ. ಅದು ವಾರಕ್ಕೆ ಒಂದೇ ದಿನ. ಮಾರನೇ ದಿನ ಫೋಲಿಕ್ ಆಸಿಡ್. ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್, ಅದಕ್ಕೆ ಕಣ್ಣಿನ ಪರೀಕ್ಷೆ ಮಾಡಿಸುತ್ತಿರಬೇಕು. ಮೊದಲ ಕೆಲವು ವಾರ ಸಣ್ಣ ಡೋಸಿನ ಸ್ಟೀರಾಯ್ಡ್.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ಜೀವಕ್ಕೇ ಕುತ್ತು ಬರುತ್ತಿತ್ತು. ಎರಡನೇ ತಿಂಗಳ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ಊರಲ್ಲೇ ಒಂದು ಮೆಡಿಕಲ್‌ನಲ್ಲಿ ತಗೊಂಡೆ. ಕವರಿನ ಮೇಲೆ ಹುಡುಗ ಅಭ್ಯಾಸಬಲದಿಂದ 1-0-0 ಅಂತ ಬರೆದುಕೊಟ್ಟ. ಅಂದರೆ ದಿನಾ ಬೆಳಗ್ಗೆ ಒಂದು. ಯಜಮಾನರು ಕವರ್ ನೋಡಿ ಸೋಮವಾರ ಬೆಳಗ್ಗೆ ಮಾತ್ರೆ, ನೀರು ತಂದಿಟ್ಟರು. ಹಿಂದಿನ ರಾತ್ರಿಯಷ್ಟೇ ನುಂಗಿದ್ದೆ. ಮಗಳು ಚೀಟಿ ತೆಗೆದು ನೋಡಿ ಕಿರುಚಿದಳು. ಈ ಮಾತ್ರೆಯನ್ನು ದಿನಾ ತಗೊಂಡರೆ ರಕ್ತಕಣ ತಯಾರಾಗುವುದೇ ನಿಂತು, ಬಾಯೆಲ್ಲ ಹುಣ್ಣಾಗಿ, ಸತ್ತವರೂ ಇದ್ದಾರೆ. ಅವತ್ತಿನಿಂದ ಮಗಳು ಮಾತ್ರೆಯ ಡಬ್ಬಿಗೆ ಕೆಂಪು ಲೈನಿಂಗ್ ಬಟ್ಟೆಯ ಪಟ್ಟಿ ಸುತ್ತಿ ಹೊಲಿದು, ಅದರ ಮೇಲೆ "ಭಾನುವಾರ ರಾತ್ರಿ ಮಾತ್ರ" ಅಂತ ಬರೆದಿದ್ದಾಳೆ. ನುಂಗಿದ ಮೇಲೆ ಕ್ಯಾಲೆಂಡರಿನಲ್ಲಿ ತಾರೀಖಿಗೆ ಸುತ್ತು ಹಾಕಬೇಕು.

ಕ್ಯಾನ್ಸರ್ ಮಾತ್ರೆ ಅಂತ ಹೆದರಿಸಿದವರಿಗೂ ಕಡಿಮೆ ಇರಲಿಲ್ಲ. ಕ್ಯಾನ್ಸರಿಗೂ ಕೊಡುತ್ತಾರೆ ನಿಜ, ಅಲ್ಲಿ ಕೊಡುವ ಪ್ರಮಾಣ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಕೀಲಿಗೆ ಈ ಸಣ್ಣ ಡೋಸು 1980ರ ದಶಕದಿಂದ ಬಳಕೆಯಲ್ಲಿದೆ. ಆದರೆ ಹೊಟ್ಟೆಗೆ ಅದು ಗೊತ್ತಾಗಬೇಕಲ್ಲ. ಸೋಮವಾರ ಇಡೀ ದಿನ ತೊಳಸು, ಒಗ್ಗರಣೆ ವಾಸನೆ ಬಂದರೆ ಆಗುವುದಿಲ್ಲ, ತಲೆಯೊಳಗೆ ಹತ್ತಿ ತುಂಬಿದ ಹಾಗೆ.

ಸ್ಟೀರಾಯ್ಡ್ ಮೂರೇ ದಿನದಲ್ಲಿ ಮೋಡಿ ಮಾಡಿತು, ನಾನು ವಾಸಿಯಾಯಿತು ಅಂತ ಕುಣಿದೆ. ಅದನ್ನು ಇಳಿಸುತ್ತಾ ಬಂದ ಹಾಗೆ ಗಂಜಿ ವಾಪಸ್ ಬಂತು. ಮೆಥೋಟ್ರೆಕ್ಸೇಟ್ ಕೆಲಸ ಮಾಡತೊಡಗಿದ್ದು ಹತ್ತನೇ ವಾರದ ಹೊತ್ತಿಗೆ. ಒಂದು ದಿನ ಹಾಲಿನ ಪ್ಯಾಕೆಟ್ಟನ್ನು ಕೈಯಲ್ಲೇ ಹರಿದಿದ್ದೆ, ಹರಿದಾದ ಮೇಲೆ ಗೊತ್ತಾಯಿತು.

ಪೂರ್ತಿ ಹೋಗಿಲ್ಲ. ಮೆಥೋಟ್ರೆಕ್ಸೇಟಿನ ವಾರದ ಡೋಸು 15 ಮಿಲಿಗ್ರಾಂಗೆ ಏರಿದೆ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತೇನೆ. ಹಳೇ ಕತ್ತರಿ ಮಾರಿ ಹಗುರದ್ದು ತಗೊಂಡೆ. ಕುಚ್ಚಿನ ಕೆಲಸ ಹುಡುಗಿಗೆ ಬಿಟ್ಟೆ, ನನಗಿಂತ ಚೆನ್ನಾಗಿ ಹಾಕುತ್ತಾಳೆ, ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ಹಬ್ಬಕ್ಕೆ 25 ಬ್ಲೌಸಿನ ಮೇಲೆ ಒಪ್ಪುವುದಿಲ್ಲ. ಅತ್ತೆಯ ಲಕ್ಕಿಸೊಪ್ಪಿನ ನೀರು ಬಿಟ್ಟಿಲ್ಲ, ಡಾಕ್ಟರೂ ಬೇಡ ಅಂದಿಲ್ಲ, ಬಿಸಿ ಹಾಯ್ ಅನ್ನಿಸುತ್ತದೆ. ಊದಿದ ಕೀಲನ್ನು ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುವುದನ್ನು ಮಾತ್ರ ನಿಲ್ಲಿಸಿದ್ದೇನೆ. ಅತ್ತೆ ಇವತ್ತಿಗೂ ಬಂದವರಿಗೆ ಹೇಳುವುದು ಒಂದೇ: "ಇವಳಿಗೆ ರಕ್ತದಲ್ಲಿ ಏನೂ ಇಲ್ಲ, ಆದ್ರೂ ಮಾತ್ರೆ ತಗೋತಾಳೆ." ತಿದ್ದಲು ಹೋಗುವುದಿಲ್ಲ. ಒಂದು ಲೆಕ್ಕದಲ್ಲಿ ನಿಜವೇ.

ಭಾನುವಾರ ಅಂಗಡಿ ತೆಗೆಯಲೇಬೇಕು, ಕೆಲಸಕ್ಕೆ ಹೋಗುವ ಹೆಂಗಸರು ಬಟ್ಟೆ ತರುವುದೇ ಅವತ್ತು. ಹಾಗಾಗಿ ಬೋರ್ಡು ಬದಲಾಯಿಸಿ "ಸೋಮವಾರ ರಜೆ" ಅಂತ ಬರೆಸಿದ್ದೇನೆ. ಮೊನ್ನೆ ಒಬ್ಬ ಹೊಸ ಗಿರಾಕಿ ಅದನ್ನು ಓದಿ, "ಸೋಮವಾರ ಒಪ್ಪೊತ್ತಾ ಅಕ್ಕ?" ಅಂತ ಭಕ್ತಿಯಿಂದ ಕೇಳಿದರು.

"ಹೂಂ ಕಣಮ್ಮ, ಒಪ್ಪೊತ್ತು" ಅಂದು ಅಳತೆ ಟೇಪು ಎತ್ತಿಕೊಂಡೆ.